ಕೂಗು ಮೂರು ಸಲ

ನಮ್ಮ ಮುತ್ಯಾ ಯಾದಗಿರಿ ಕಚೇರಿಯಾಗ ಹೆಸರು ಕೂಗಾಂವ.
ಪಡಸಾಲಿ ಕಂಬಕ್ಕ ಒಂದು ಕೈ, ಬಾಯಿಗೆ ಒಂದು ಕೈ,
ಒಂದು ಹೆಸರು ಮೂರು ಸಲ.
ಬೇವಿನ ಗಿಡದ ಕೆಳಗ ರೊಟ್ಟಿ ಬಿಚ್ಚಿದವರು
ಗಂಟು ಅಲ್ಲೇ ಬಿಟ್ಟು ಓಡಿ ಬರ್ತಿದ್ದರಂತ.
ಮದ್ರಾಸ್ ಮೇಲು ಸಿಳ್ಳು ಹೊಡೆದರೂ
ಅದನ್ನ ಹಾಯ್ದು ಕ್ವಾಟಿ ಗುಡ್ಡ ಮುಟ್ಟುವ ದನಿ.

ಒಳಗ ಕುರ್ಚಿ ಮ್ಯಾಲೆ ಗುಂಡೇರಾಯ ಹಳ್ಳಿಖೇಡಕರ, ಮುನಸೀಫ.
ಕುಲಕರ್ಣಿ ಮನಿ ಮಗ.
ಅಪ್ಪನ ಖಿರ್ಡಿ ಹಾಳಿ ಹಿಂದ ಅಲೀಫ್ ತಿದ್ದಿ,
ಹೈದರಾಬಾದಿನಾಗ ವಕೀಲಿ ಪಾಸಾಗಿ,
ಚಿಂಚೋಳಿ, ಸೇಡಂ, ಆಳಂದ ತಿರುಗಿ
ನಲವತ್ತಕ್ಕ ಈ ಕುರ್ಚಿಗೆ ಬಂದವ.
ಕಪ್ಪು ಶೇರವಾನಿ, ಕೊರಳತನಕ ಗುಂಡಿ.
ಲಂಚ ಮುಟ್ಟಿದವನಲ್ಲ;
ತೊಗರಿ ಚೀಲ ತಂದವನನ್ನ
ಚೀಲದ ಸಂಗಾಟ ಹೊರಗ ಹಾಕಿಸಿದ್ದ.
ಮನ್ಯಾಗ ಕನ್ನಡ, ಕಚೇರಿಯಾಗ ಉರ್ದು.
ಚಪ್ಪಲಿ ಬಿಟ್ಟಂಗ ಒಂದನ್ನ
ಹೊಸ್ತಿಲ ಹೊರಗ ಬಿಟ್ಟು ಬರ್ತಿದ್ದ.

ಆ ವರ್ಷ ಸಾಬಮ್ಮನ ಖಟ್ಲೆ.
ಭೀಮಾ ದಂಡಿ ಊರಾಕಿ.
ಮೂರು ಮನಿಯಾಗ ಗೂಟಕ್ಕ ಹಾಕಿದ ಬಟ್ಟಿ ತಾನೇ ಉರಿದವು,
ಅನ್ನದಾಗ ಕೂದಲ ಬಂತು,
ಹರೇದ ಹುಡುಗಿಯೊಂದು ನಾಯಿಯಂಗ ಬೊಗಳಿತು.
ಭಾನಾಮತಿ ಅಂದರು.
ಸಾಬಮ್ಮ ಅಂದರು.
ಬಾಯಿಂದ ಮಂತ್ರ ಹೊರಡಬಾರದಂತ
ಕಮ್ಮಾರನ ಇಕ್ಕಳ ತಂದು
ಮುಂದಿನ ನಾಕು ಹಲ್ಲು ಕಿತ್ತರು.

ಹಲ್ಲು ಅರಿವ್ಯಾಗ ಕಟ್ಟಿಕೊಂಡು ಬಂದಿದ್ದಳು.
ಮೇಜಿನ ಮ್ಯಾಲೆ ಸುರುವಿದರ
ಒಂದು ಉರುಳಿ ದೌತಿಗೆ ಬಡಿದು ನಿಂತಿತಂತ.
ಹೇಳಿದಳು. ಬಹಳ ಹೊತ್ತು ಹೇಳಿದಳು.
ತ ನಿಲ್ಲಲಿಲ್ಲ, ದ ನಿಲ್ಲಲಿಲ್ಲ, ಗಾಳಿ ಹೋಯಿತು.
ಪೇಶಕಾರ ಅಬ್ದುಲ್ ವದೂದ ಲೇಖಣಿ ಎತ್ತಿ ಕೇಳಿದ:
ಹುಜೂರ್, ಏನು ಬರೀಲಿ?
ಮುನಸೀಫನಿಗೆ ಒಂದೊಂದು ಮಾತೂ ತಿಳಿದಿತ್ತು.
ಅವನ ಅವ್ವ ಮುಪ್ಪಿನಾಗ ಹಂಗೇ ಮಾತಾಡ್ತಿದ್ದಳು.
‘ನಾಕಾಬಿಲೆ ಫಹಮ್’ ಅಂದ. ತಿಳಿಯದ ಮಾತು ಅಂತ ಬರಿ.

ಕಿತ್ತವರು ಖುಲಾಸ.
ಊರ ಶಾಂತಿಗಂತ ಸಾಬಮ್ಮನ ಹೆಬ್ಬೆಟ್ಟು ಹಿಡಿದು
ಮುಚ್ಚಳಿಕೆ ಬರೆಸಿಕೊಂಡರು: ಇನ್ನು ಮುಂದ ಮಾಡುವುದಿಲ್ಲ.
ಏನು ಮಾಡುವುದಿಲ್ಲ ಅನ್ನೋದು ಕಾಗದದಾಗ ಇರಲಿಲ್ಲ.

ಬಡ್ತಿ ಬಂತು. ಗುಲಬರ್ಗಾ, ಬೀದರ, ತಿರುಗಿ ಯಾದಗಿರಿ.
ಹನ್ನೊಂದು ವರ್ಷಕ್ಕ ಅವನ ಹಲ್ಲೂ ಬಿದ್ದವು,
ಮೊದಲು ಮ್ಯಾಲಿನವು.
ತೀರ್ಪು ಹೇಳಿ ಬರೆಸುವಾಗ ಅದೇ ವದೂದ, ತಲಿ ಬಗ್ಗಿಸಿ:
ಹುಜೂರ್, ಇನ್ನೊಮ್ಮೆ ಹೇಳತೀರೇನು?
ಅವತ್ತು ಊಟ ಬಿಟ್ಟು ಎದ್ದನಂತ.

ಪಿಂಚಣಿ ದಿನ ಮುತ್ಯಾನ್ನ ಕರೆದ.
ನನ್ನ ಹೆಸರು ಕೂಗು. ಮೂರು ಸಲ.
ಸಾಹೇಬರ ತಲಿ ಕೆಟ್ಟದ ಅಂತ ಮುತ್ಯಾ ತಡವರಿಸಿ, ಕೂಗಿದ.
ಗುಂಡೇರಾಯ ಕುರ್ಚಿ ಇಳಿದು, ಹಿಂದಿನ ಬಾಗಿಲಿಂದ ಹೋಗಿ
ಬಿಸಿಲಾಗ ಸುತ್ತು ಹಾಕಿ
ಮುಂದಿನ ಬಾಗಿಲಿಂದ ಬಂದು, ಬರಿತಲಿಲೆ
ಕಟಕಟೆಯಾಗ ನಿಂತ.
ಕಾಗದ ಕೊಟ್ಟ. ವದೂದನಿಗೆ ಓದಲು ಬರಲಿಲ್ಲ, ಕನ್ನಡ.
ವಕೀಲರು ತಮ್ಮ ಬೂಟು ನೋಡಿದರು.
ತಾನೇ ಓದಿದ:
ಆಕಿ ಅಂದದ್ದು ನನಗ ತಿಳಿದಿತ್ತು. ತಿಳಿಯಲಿಲ್ಲ ಅಂತ ಬರೆಸಿದೆ.
ತಪ್ಪು ಕಾನೂನಿಂದಲ್ಲ, ಪೇಶಕಾರಂದಲ್ಲ.
ಮುಂದಿನದು ಗಾಳಿಯಾಗ ಹೋಯಿತು;
ಅರ್ಧ ಮಂದಿಗೆ ತಿಳಿಯಲೇ ಇಲ್ಲ.

ಆಮ್ಯಾಲೆ ಸಾಬಮ್ಮನ ಹೆಸರು ಕೂಗಿಸಿದ.
ಸೊಲ್ಲಾಪುರದ ಗಿರಣಿಗೆ ಹೋದಳು ಅಂದರು ಕೆಲವರು,
ಭೀಮಾದಾಗ ಹೋದಳು ಅಂದರು ಕೆಲವರು.
ಮುತ್ಯಾ ಮೂರರ ಮ್ಯಾಲೆ ನಾಕನೇ ಸಲ ಕೂಗಿದನಂತ,
ಕಾಯಿದೆ ಬಿಟ್ಟು.
ಕುರ್ಚಿ ಖಾಲಿ ಇತ್ತು. ತೀರ್ಪು ಯಾರೂ ಹೇಳಲಿಲ್ಲ.

ಛಲೋ ಮನುಷ್ಯ, ಅಂತಿದ್ದ ಮುತ್ಯಾ,
ಎಲಿಗೆ ಸುಣ್ಣ ಹಚ್ಚುತ್ತ. ಆಮ್ಯಾಲೆ ಸುಮ್ಮಕ ಕೂಡ್ತಿದ್ದ.

ನಾನೀಗ ಅದೇ ಕಚೇರಿ ದಫ್ತರಖಾನೆಯಾಗ ಗುಮಾಸ್ತ.
ಹೋದ ಬ್ಯಾಸಗಿ ಒಂದು ಹಳೇ ಮುದ್ದೆಮಾಲು ವಹಿ ಸಿಕ್ಕಿತು,
ಗೆದ್ದಲು ಒಂದು ಅಂಚು ತಿಂದಿತ್ತು.
ಮೌಲವಿ ಸಾಹೇಬರು ಬಂದು ಸಾಲಿಗೆ ಬೆರಳಿಟ್ಟು ಓದಿ ಹೇಳಿದರು:
ಹಲ್ಲು, ನಾಕು. ಒಂದು ಸೀಳಿದ್ದು.
ಕಿಮ್ಮತ್ತು: ಇಲ್ಲ.
ವಾರಸುದಾರರು ಒಯ್ದ ಸಹಿ: